ಅರ್ಥ ಆಗುತ್ತೆ, ಹಾಡೋಕೆ ಬರಲ್ಲ

"ನನಗೆ ಸಂಗೀತ ಬರಲ್ಲ" ಅಂತ ಯಾರಾದರೂ ಹೇಳಿದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಗೊತ್ತಿರುವ ಹಾಡನ್ನು ಪಕ್ಕದವರು ತಪ್ಪಾಗಿ ಹಾಡಿದರೆ ನಿಮಗೆ ತಿಳಿಯುತ್ತದಾ? ಬಹುತೇಕ ಎಲ್ಲರೂ ಹೌದು ಎನ್ನುತ್ತಾರೆ. ಅಂದರೆ ಕಿವಿಗೆ ಸಂಗೀತ ಬಂದಿದೆ, ಬಾಯಿಗೆ ಬಂದಿಲ್ಲ. ಸುತ್ತಮುತ್ತ ಇನ್ನೊಂದು ಭಾಷೆ ಕೇಳಿಕೊಂಡೇ ಬೆಳೆದವರು "ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ" ಅಂತಾರಲ್ವಾ, ಅದೇ ಕಥೆ. ನಾನು ಕಲಿಯಲು ಹೊರಟಾಗ ತಲೆಕೂದಲು ಅಲ್ಲಲ್ಲಿ ನರೆತಿತ್ತು. ನನ್ನ ಸ್ಥಿತಿಯೂ ಇದೇ ಆಗಿತ್ತು. ಹಾಗಾಗಿ ಪುಸ್ತಕ ತೆರೆದು ಮೊದಲ ಪಾಠದಿಂದ ಶುರು ಮಾಡಲಿಲ್ಲ. ಮಗು ಮಾತು ಕಲಿಯುವ ಕ್ರಮದಲ್ಲೇ ಕಲಿತು ನೋಡೋಣ ಅಂದುಕೊಂಡೆ.

ಆ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಮಗು ಮೊದಲು ಕೇಳುತ್ತದೆ. ಆಮೇಲೆ ತೊದಲುತ್ತದೆ. ಆಮೇಲೆ ಮಾತಾಡುತ್ತದೆ. ಓದು ಬರಹದ ಸರದಿ ಬರುವುದು ವರ್ಷಗಳ ನಂತರ. ಸಂಗೀತ ಕಲಿಸುವಾಗ ಮಾತ್ರ ನಾವು ಇದನ್ನು ತಿರುಗಾ ಮುರುಗಾ ಮಾಡುತ್ತೇವೆ. ಮೊದಲ ವಾರದಲ್ಲೇ ನೊಟೇಷನ್ ಬರುತ್ತದೆ, ತೊದಲಿಗೆ ಜಾಗವೇ ಇರುವುದಿಲ್ಲ. ನನ್ನ ಅನುಭವದಲ್ಲಿ ಕೆಲಸ ಆಗುವುದೆಲ್ಲ ಆ ತೊದಲಿನಲ್ಲೇ.

ಕೇಳುವುದರ ಬಗ್ಗೆ ನಾನು ನೆಚ್ಚಿಕೊಂಡದ್ದು ಜಪಾನಿನ ಶಿನಿಚಿ ಸುಜುಕಿ ಅವರನ್ನು (1898–1998). ಜಪಾನಿನ ಮಕ್ಕಳೆಲ್ಲ ಜಪಾನಿ ಭಾಷೆಯನ್ನು ಸಲೀಸಾಗಿ ಮಾತಾಡುತ್ತಾರೆ, ಹಾಗಿದ್ದ ಮೇಲೆ ಸಂಗೀತವನ್ನೂ ಅದೇ ರೀತಿ ಯಾಕೆ ಕಲಿಸಬಾರದು ಎಂದು ಯೋಚಿಸಿ ಪಿಟೀಲು ಕಲಿಸಿದವರು ಅವರು. ಕಲಿಯಬೇಕಾದ ತುಣುಕನ್ನು ಮಗು ಮನೆಯಲ್ಲಿ ದಿನವೂ ಕೇಳಬೇಕು, ಬಂದ ತುಣುಕನ್ನು ಕೈಬಿಡದೆ ನುಡಿಸುತ್ತಿರಬೇಕು, ಓದುವುದು ಆಮೇಲೆ. ಇದು ಅವರ ಪದ್ಧತಿ. ಸುಜುಕಿ ತಾವು ಪಿಟೀಲು ಹಿಡಿದದ್ದು ಹದಿಹರೆಯದಲ್ಲಿ, ರೆಕಾರ್ಡು ಕೇಳಿ ಮರುಳಾಗಿ. ನನ್ನಂಥವರಿಗೆ ಅದೊಂದು ಧೈರ್ಯ.

ನಾನು ಮಾಡಿದ್ದು ಇಷ್ಟು. ನೂರಾರು ಹಾಡುಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ನಾಲ್ಕೈದು ಹಾಡು ಆರಿಸಿಕೊಂಡೆ. ಕೆಲಸದ ನಡುವೆ ಅವನ್ನೇ ಮತ್ತೆ ಮತ್ತೆ ಹಾಕಿದೆ. ದಿನಕ್ಕೊಂದು ಸಲ ಮಾತ್ರ ಕೂತು ಗಮನ ಕೊಟ್ಟು ಕೇಳುತ್ತಿದ್ದೆ. ಆಗ ಒಂದು ಆಟ ಆಡುತ್ತಿದ್ದೆ. ಹಾಡನ್ನು ಎಲ್ಲೋ ನಡುವೆ ನಿಲ್ಲಿಸಿ, ಅದರ ಷಡ್ಜ ಯಾವುದು ಅಂತ ಹುಡುಕಿ ಗುನುಗುವುದು. ಷಡ್ಜ ಅಂದರೆ ಹಾಡು ಕೊನೆಗೆ ಬಂದು ನಿಲ್ಲುವ ಸ್ವರ. ಮೊದಮೊದಲು ನಿಲ್ಲಿಸಿದ ಕ್ಷಣದಲ್ಲಿ ಯಾವ ಸ್ವರ ಇತ್ತೋ ಅದನ್ನೇ ಹಿಡಿದುಬಿಡುತ್ತಿದ್ದೆ. ಎಲ್ಲರಿಗೂ ಹಾಗೇ ಆಗುತ್ತದೆ. ಕೆಲವು ವಾರ ಬೇಕು. ಇದೊಂದು ಕೂತರೆ ಉಳಿದ ಸ್ವರಗಳು ತಾವಾಗಿಯೇ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಒಂದೇ ಅಭ್ಯಾಸ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಹಾಡುವಾಗ ಸಾಹಿತ್ಯ ಬಿಟ್ಟು ಬರೀ "ಬಂ ಬಂ" ಅಂತ ಹಾಡಿದೆ. ಮಾತು ಇದ್ದರೆ ಗಮನ ಪೂರ್ತಿ ಮಾತಿನ ಮೇಲೆ ಹೋಗುತ್ತದೆ, ಸ್ವರ ಹಿಂದೆ ಸರಿಯುತ್ತದೆ. ಅಮೆರಿಕದ ಸಂಗೀತ ಶಿಕ್ಷಣ ತಜ್ಞ ಎಡ್ವಿನ್ ಗಾರ್ಡನ್ (1927–2015) ಚಿಕ್ಕ ಮಕ್ಕಳಿಗೆ ಹೀಗೆ ಮಾತಿಲ್ಲದ ಹಾಡುಗಳನ್ನೇ ಜಾಸ್ತಿ ಹಾಡಿ ಎನ್ನುತ್ತಿದ್ದರು. ಮಕ್ಕಳು ಮಾತಿನಲ್ಲಿ ತೊದಲುವಂತೆ ಸಂಗೀತದಲ್ಲೂ ತೊದಲುತ್ತಾರೆ, ಅದನ್ನು ತಿದ್ದಲು ಹೋಗಬಾರದು ಎಂಬುದೂ ಅವರ ವಾದವೇ.

ತಾಳಕ್ಕೆ ಮೈಯನ್ನೇ ಬಳಸಿದೆ. ಕೈತಟ್ಟುವುದು ಸುಲಭ ಅನ್ನಿಸುತ್ತದೆ, ನಿಜಕ್ಕೂ ಅದು ಕಷ್ಟ. ಮೊದಲು ನಿಂತಲ್ಲೇ ತೂಗಾಡಬೇಕು, ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸಬೇಕು. 2005ರಲ್ಲಿ ಕೆನಡಾದಲ್ಲಿ ಒಂದು ಚೆಂದದ ಪ್ರಯೋಗ ನಡೆಯಿತು. ಏಳು ತಿಂಗಳ ಶಿಶುಗಳಿಗೆ ಎಲ್ಲೂ ಒತ್ತಿಲ್ಲದ ಒಂದೇ ಲಯ ಕೇಳಿಸಿದರು. ಕೆಲವರನ್ನು ಎತ್ತಿಕೊಂಡು ಎರಡು ಪೆಟ್ಟಿಗೊಮ್ಮೆ ಕುಣಿಸಿದರು, ಕೆಲವರನ್ನು ಮೂರಕ್ಕೊಮ್ಮೆ. ಆಮೇಲೆ ಎರಡಕ್ಕೊಮ್ಮೆ, ಮೂರಕ್ಕೊಮ್ಮೆ ಒತ್ತು ಇರುವ ಲಯಗಳನ್ನು ಕೇಳಿಸಿದಾಗ, ಪ್ರತಿ ಗುಂಪೂ ತಾನು ಕುಣಿದ ಲಯವನ್ನೇ ಹೆಚ್ಚು ಹೊತ್ತು ಕೇಳಿತು. ಸುಮ್ನೆ ನೋಡುತ್ತಾ ಇದ್ದ ಮಕ್ಕಳಿಗೆ ಹಾಗಾಗಲಿಲ್ಲ. ಮೈ ಕುಣಿದದ್ದನ್ನು ಕಿವಿ ಕೇಳಿಸಿಕೊಂಡಿತ್ತು. ಇದನ್ನು ಓದಿದ ಮೇಲೆ ನಾಚಿಕೆ ಬಿಟ್ಟು ಮನೆಯೊಳಗೇ ತೂಗಾಡತೊಡಗಿದೆ. ಬಾಗಿಲು ಹಾಕಿಕೊಂಡು, ಅನ್ನಿ.

ಇನ್ನು ತೊದಲು. ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಜಾಗ ಕೀಬೋರ್ಡಿನ ಕಪ್ಪು ಕೀಗಳು. ಒಂದು ಸ್ಥಾಯಿಯಲ್ಲಿ, ಅಂದರೆ ಒಂದು ಷಡ್ಜದಿಂದ ಮುಂದಿನ ಷಡ್ಜದೊಳಗೆ, ಐದೇ ಸ್ವರ. ಪಕ್ಕಪಕ್ಕದ ಎರಡು ಸ್ವರ ತೀರಾ ಹತ್ತಿರ ಬಂದು ಕಿರಿಕಿರಿ ಮಾಡುವ ಪ್ರಶ್ನೆಯೇ ಇಲ್ಲ. ಏನು ಒತ್ತಿದರೂ ಕೇಳುವಂತಿರುತ್ತದೆ. ಜರ್ಮನಿಯ ಸಂಗೀತಗಾರ ಕಾರ್ಲ್ ಓರ್ಫ್ ಮಕ್ಕಳ ಜೈಲೋಫೋನಿನಿಂದ (ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ಕೆಲವು ಪಟ್ಟಿ ತೆಗೆದಿಟ್ಟು ಐದು ಸ್ವರ ಮಾತ್ರ ಉಳಿಸುತ್ತಿದ್ದದ್ದೂ ಇದೇ ಉಪಾಯಕ್ಕೆ.

ಮೂರು ಕಪ್ಪು ಕೀಗಳ ಗುಂಪಿನಲ್ಲಿ ಎಡದಿಂದ ಮೊದಲನೆಯದನ್ನು ಷಡ್ಜ ಮಾಡಿಕೊಳ್ಳಿ. ಶ್ರುತಿ ಪೆಟ್ಟಿಗೆಯನ್ನೋ ತಂಬೂರಿ ಆಪನ್ನೋ ಅದಕ್ಕೆ ಹೊಂದಿಸಿಟ್ಟು ಕಪ್ಪು ಕೀಗಳ ಮೇಲೆ ಮನಸ್ಸಿಗೆ ಬಂದಂತೆ ಓಡಾಡಿ. ಕೇಳುವುದು ಮೋಹನ ರಾಗದ ಸ್ವರಗಳು. ಈಗ ಕೀ ಬದಲಿಸದೆ ಶ್ರುತಿಯನ್ನು ಮಾತ್ರ ಅದೇ ಗುಂಪಿನ ನಡುವಿನ ಕೀಗೆ ತನ್ನಿ, ಮಧ್ಯಮಾವತಿ. ಮೂರನೆಯದಕ್ಕೆ ತನ್ನಿ, ಹಿಂದೋಳ. ಎರಡರ ಗುಂಪಿನ ಮೊದಲನೆಯದು ಶುದ್ಧ ಸಾವೇರಿ, ಇನ್ನೊಂದು ಶುದ್ಧ ಧನ್ಯಾಸಿ. ಅದೇ ಐದು ಕೀಗಳು, ಐದು ಬೇರೆ ಮುಖಗಳು. ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸಿ ಹಾಡುವ ರೀತಿ, ಇಲ್ಲದೆ ಅದು ರಾಗ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಷಡ್ಜ ಬದಲಾದರೆ ಎಲ್ಲ ಬದಲಾಗುತ್ತದೆ ಎಂದು ನನ್ನ ಕಿವಿಗೆ ತಿಳಿದದ್ದು ಈ ಆಟದಲ್ಲೇ. ಎಷ್ಟೋ ಸಂಜೆ ಇದರಲ್ಲೇ ಕಳೆದೆ. ಯಾವ ಹಾಡನ್ನೂ "ಕಲಿಯಲಿಲ್ಲ". ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ತೊದಲು ಮಾತಾಗಲು ಎದುರಿಗೆ ಒಬ್ಬರು ಬೇಕು. ನನಗೆ ಹಾಡುವ ಗೆಳತಿಯೊಬ್ಬಳು ಸಿಕ್ಕಳು. ಅವಳು ಎರಡು ಮೂರು ಸ್ವರದ ಚಿಕ್ಕ ತುಣುಕು ಹಾಡುತ್ತಾಳೆ. ನಾನು ಒಂದು ಉಸಿರು ತೆಗೆದುಕೊಂಡು ಅದನ್ನೇ ಹಾಡುತ್ತೇನೆ. ಆ ಉಸಿರಿನ ಬಿಡುವು ಮುಖ್ಯ. ಬಿಡುವಿಲ್ಲದಿದ್ದರೆ ಅದು ಬರೀ ಪ್ರತಿಧ್ವನಿ, ಬಿಡುವಿದ್ದರೆ ತುಣುಕು ಒಂದು ಸಲ ತಲೆಯೊಳಗೆ ಹಾಡಿಕೊಂಡು ಆಮೇಲೆ ಹೊರಬರುತ್ತದೆ. ಇದು ಸಲೀಸಾದ ಮೇಲೆ ಅದನ್ನೇ ಹಾಡುವ ಬದಲು ಬೇರೆ ಏನಾದರೂ ಉತ್ತರ ಕೊಡಬೇಕು. ನನ್ನ ಮೊದಲ ಉತ್ತರಗಳು ಭಾರಿ ಪೇಲವ. ಪರವಾಗಿಲ್ಲ, "ಊಂ" ಅನ್ನುವುದೂ ಉತ್ತರವೇ ತಾನೇ.

ಅವಳು ನನ್ನನ್ನು ತಿದ್ದಿದ ರೀತಿ ಹೇಳಬೇಕು. ಮಗು "ಅಪ್ಪ ಬಂತು" ಅಂದರೆ ತಾಯಿ "ತಪ್ಪು, ಮತ್ತೆ ಹೇಳು" ಅನ್ನುವುದಿಲ್ಲ. "ಹೌದು ಪುಟ್ಟ, ಅಪ್ಪ ಬಂದರು" ಅಂತ ಮಾತು ಮುಂದುವರಿಸುತ್ತಾಳೆ. ಸರಿಯಾದ ರೂಪ ಮಗುವಿನ ಕಿವಿಗೆ ಬೀಳುತ್ತದೆ, ಮಾತೂ ನಿಲ್ಲುವುದಿಲ್ಲ. ಗೆಳತಿ ಮಾಡಿದ್ದೂ ಅಷ್ಟೇ. ನಾನು ಜಾರಿದ ತುಣುಕನ್ನು ತನ್ನ ಮುಂದಿನ ಸರದಿಯಲ್ಲಿ ಸರಿಯಾಗಿ ಸೇರಿಸಿ ಹಾಡುತ್ತಿದ್ದಳು. ಜೊತೆಗಾರರು ಸಿಗದವರು ಫೋನಿನಲ್ಲಿ ತುಣುಕುಗಳನ್ನು ರೆಕಾರ್ಡ್ ಮಾಡಿ, ನಡುವೆ ಖಾಲಿ ಜಾಗ ಬಿಟ್ಟು ಅದರ ಜೊತೆ ಹಾಡಬಹುದು. ಕೆಲಸ ನಡೆಯುತ್ತದೆ, ಸ್ವಾರಸ್ಯ ಅರ್ಧ.

ಮಕ್ಕಳಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಉತ್ತರ ಅಮೆರಿಕದಲ್ಲಿ ನಡೆದ ಅಧ್ಯಯನಗಳಲ್ಲಿ ಆರು ತಿಂಗಳ ಶಿಶುಗಳು ಬಾಲ್ಕನ್ ನಾಡುಗಳ, ಪೆಟ್ಟುಗಳು ಒಂದೇ ಅಂತರದಲ್ಲಿ ಬೀಳದ ವಿಷಮ ತಾಳದಲ್ಲೂ ಏರುಪೇರನ್ನು ಗುರುತಿಸಿದವು. ಉತ್ತರ ಅಮೆರಿಕದ ದೊಡ್ಡವರಿಗೆ ಅದು ಆಗಲಿಲ್ಲ. ವರ್ಷ ತುಂಬುವಷ್ಟರಲ್ಲಿ ಮಕ್ಕಳ ಕಿವಿಯೂ ಮನೆಯ ಸಂಗೀತಕ್ಕೇ ಒಗ್ಗಿಹೋಗಿತ್ತು. ಮಕ್ಕಳಿಗೆ ಎರಡು ವಾರ ಕೇಳಿಸಿದರೆ ಸಾಕಾಯಿತು, ದೊಡ್ಡವರಿಗೆ ಅಷ್ಟು ಸಾಲಲಿಲ್ಲ. ಹಾಗಾಗಿ ನಾನು ಮೂರು, ನಾಲ್ಕರ ಜೊತೆಗೆ ಐದು, ಏಳರ ನಡೆಯ ಹಾಡುಗಳನ್ನೂ ಬೇಕಂತಲೇ ಸೇರಿಸಿಕೊಂಡೆ. ಐದು ಬೇಗ ಬಂತು. ಏಳು ಸತಾಯಿಸಿತು, ಇನ್ನೂ ಸತಾಯಿಸುತ್ತಿದೆ.

ವಾದ್ಯದಲ್ಲಿ ನಾನು ಇಟ್ಟುಕೊಂಡ ನಿಯಮ, ಹಾಡಲು ಬಾರದ್ದನ್ನು ನುಡಿಸುವುದಿಲ್ಲ. ಮೊದಲು ಬಾಯಿ, ಆಮೇಲೆ ಬೆರಳು. ಒಂದು ಹಾಡು ಬಂತು ಅನ್ನಿಸಿದರೆ ಬೇರೆ ಕೀಯಿಂದ ಶುರು ಮಾಡಿ ನೋಡುತ್ತೇನೆ. ಬೆರಳು ಮಾತ್ರ ಕಲಿತಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ನೊಟೇಷನ್ ಕಡೆಗೆ ಬಂದದ್ದು ತುಂಬಾ ತಡವಾಗಿ, ಅದೂ ಚೆನ್ನಾಗಿ ಬರುವ ಹಾಡುಗಳಿಂದಲೇ. ಗೊತ್ತಿರುವ ಹಾಡಿನ ಸ್ವರ ಕಾಗದದಲ್ಲಿ ನೋಡಿದರೆ ಓದಲು ಶ್ರಮವೇ ಇಲ್ಲ. ಮುಂದೇನು ಬರುತ್ತದೆ ಅಂತ ಕಿವಿ ಮೊದಲೇ ಹೇಳುತ್ತಿರುತ್ತದೆ.

ಈ ದಾರಿ ಎಲ್ಲವನ್ನೂ ಕೊಡುವುದಿಲ್ಲ. ಮಗುವಿಗೆ ಮಾತು ಬಂದೇ ತೀರಬೇಕು, ಇಲ್ಲದಿದ್ದರೆ ಬೇಕಾದ್ದು ಸಿಗುವುದಿಲ್ಲ. ಸಂಗೀತಕ್ಕೆ ಆ ಒತ್ತಡ ಇಲ್ಲ, ಹಾಗಾಗಿ ಬಿಟ್ಟುಬಿಡುವುದು ಬಹಳ ಸುಲಭ. ಗೆಳತಿಯ ಜೊತೆ ವಾರದ ಸಮಯ ಗೊತ್ತು ಮಾಡಿಕೊಂಡದ್ದರಿಂದ ನಾನು ಉಳಿದುಕೊಂಡೆ. ಇನ್ನೊಂದು, ವೇಗ. ತಲೆಯಲ್ಲಿ ಓಡುವ ತುಣುಕು ಬೆರಳಿಗೆ ಬರಬೇಕಾದರೆ ಹಳೆಯ ಕಾಲದ ಸಾಧನೆಯೇ ಆಗಬೇಕು. ಈಗ ಬೆಳಿಗ್ಗೆ ಕರ್ನಾಟಕ ಸಂಗೀತದ ಆರಂಭದ ಅಭ್ಯಾಸಗಳಾದ ಸರಳೆ, ಜಂಟಿ ವರಸೆಗಳನ್ನು ಮೂರು ಕಾಲದಲ್ಲಿ, ಅಂದರೆ ಒಂದಕ್ಕಿಂತ ಒಂದು ಇಮ್ಮಡಿ ವೇಗದಲ್ಲಿ, ನುಡಿಸುತ್ತೇನೆ. ಮೊದಲನೆಯ ಮತ್ತು ಎರಡನೆಯ ಕಾಲ ಸರಿ ಹೋಗುತ್ತವೆ. ಮೂರನೆಯ ಕಾಲದಲ್ಲಿ ಉಂಗುರದ ಬೆರಳು ಹಿಂದೆ ಬೀಳುತ್ತದೆ, ಅದರ ಮೇಲೆ ಕೆಲಸ ನಡೆದಿದೆ.