ಗುರುವಾರದ ಒಂದು ಪುಟ

ನಾನು ಹೈಸ್ಕೂಲಿನ ಉಪಮುಖ್ಯ ಶಿಕ್ಷಕಿಯಾದಾಗ ನನ್ನ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು, ವಾರಕ್ಕೊಮ್ಮೆ ಶಾಲೆಯ ಸಿಬ್ಬಂದಿಗೆ ಪತ್ರ ಬರೆಯುವುದು. ಓದಿನಲ್ಲೋ ಮನಸ್ಸಿನಲ್ಲೋ ಕಷ್ಟದಲ್ಲಿರುವ ಮಕ್ಕಳಿಗೆ ಶಾಲೆ ಏನು ಮಾಡುತ್ತಿದೆ ಅಂತ ಅದರಲ್ಲಿ ತಿಳಿಸಬೇಕಿತ್ತು. ಮೊದಲ ವರ್ಷ ಶುಕ್ರವಾರ ಸಂಜೆ ಕಳಿಸುತ್ತಿದ್ದೆ. ಮೂರು ಪುಟ ಆಗುತ್ತಿತ್ತು. ಕೌನ್ಸೆಲರ್ ಎಷ್ಟು ಮಕ್ಕಳನ್ನು ನೋಡಿದರು, ಯಾವ ಫಾರಂ ಯಾವಾಗ ಕೊಡಬೇಕು, ಸಭೆ ಯಾವ ಕೋಣೆಯಲ್ಲಿ, ಎಲ್ಲ ಇರುತ್ತಿತ್ತು.

ಯಾವುದಾದರೂ ಮಗು ಕಷ್ಟದಲ್ಲಿದೆ ಅನ್ನಿಸಿದರೆ ಶಿಕ್ಷಕರು ನಮಗೆ ಒಂದು ಚೀಟಿ ಬರೆದು ಕೊಡುತ್ತಿದ್ದರು. ಒಂದು ದಿನ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಕೇಳಿದರು: "ಮೂರು ವಾರದ ಹಿಂದೆ ಒಬ್ಬ ಹುಡುಗನ ಬಗ್ಗೆ ಚೀಟಿ ಕೊಟ್ಟಿದ್ದೆನಲ್ಲ ಮೇಡಂ, ಅದೇನಾಯ್ತು?"

ಆ ಹುಡುಗನ ಜೊತೆ ಕೌನ್ಸೆಲರ್ ಎರಡು ಸಲ ಮಾತಾಡಿದ್ದರು. ಮನೆಯವರನ್ನೂ ಕರೆಸಿದ್ದೆವು. ಚೀಟಿ ಕೊಟ್ಟವರಿಗೆ ಮಾತ್ರ ಯಾರೂ ಹೇಳಿರಲಿಲ್ಲ. "ಏನೂ ಆಗಲ್ಲ ಅಂದ್ಕೊಂಡೆ. ಅದಕ್ಕೇ ಆಮೇಲೆ ಇನ್ನೊಬ್ಬಳ ಬಗ್ಗೆ ಬರೆಯೋಕೆ ಹೋಗಲಿಲ್ಲ" ಅಂದರು. ಆ ಇನ್ನೊಬ್ಬಳ ವಿಷಯ ತಿಂಗಳುಗಟ್ಟಲೆ ನಮ್ಮ ತನಕ ಬರದೇ ಹೋಗಬಹುದಿತ್ತು. ಅವತ್ತು ಮನೆಗೆ ಹೋದರೂ ಅದೇ ತಲೆಯಲ್ಲಿತ್ತು.

ಮುಂದಿನ ವಾರದಿಂದ ಪತ್ರ ಒಂದೇ ಪುಟಕ್ಕೆ ಇಳಿಯಿತು, ಅದರ ಮೊದಲ ಸಾಲೇ ಬದಲಾಯಿತು: "ಹೋದ ವಾರ ನೀವು ಹೇಳಿದ್ದು, ನಾವು ಮಾಡಿದ್ದು." ಕೆಳಗೆ ಲೆಕ್ಕ. ಒಂಬತ್ತು ಚೀಟಿ ಬಂದವು. ಏಳು ಮಕ್ಕಳ ಜೊತೆ ಮಾತಾಡಿದ್ದೇವೆ. ಎರಡು ಬಾಕಿ ಇವೆ, ಸೋಮವಾರದ ಒಳಗೆ ಮಾಡುತ್ತೇವೆ. ಆಗದೇ ಇದ್ದದ್ದನ್ನು ಆಗಿಲ್ಲ ಅಂತಲೇ ಬರೆದೆ. ಮೊದಮೊದಲು ಅದು ಸುಲಭ ಇರಲಿಲ್ಲ. ಆದರೆ ಬಾಕಿ ಅಂತ ಬರೆದಿಟ್ಟಿದ್ದನ್ನು ಮುಂದಿನ ವಾರಕ್ಕೂ ಬಾಕಿ ಇಡೋಕೆ ಮನಸ್ಸು ಒಪ್ಪಲ್ಲ, ಅಲ್ವಾ? ಚೀಟಿ ಕೊಟ್ಟವರಿಗೆ ಅವರವರ ಮಗುವಿನ ವಿಷಯ ಬೇರೆಯಾಗಿ, ಎದುರಿಗೇ ಹೇಳುತ್ತೇನೆ.

ಅದನ್ನು ಬೇರೆಯಾಗಿ ಹೇಳುವುದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು. ಹೆಸರು ಬರೆಯದಿದ್ದರೆ ಸಾಕು ಅಂದುಕೊಂಡಿದ್ದೆ. ಒಂದು ವಾರ "ಇತ್ತೀಚೆಗೆ ತಂದೆಯನ್ನು ಕಳೆದುಕೊಂಡ ಹತ್ತನೇ ತರಗತಿಯ ಹುಡುಗಿ" ಅಂತ ಬರೆದೆ. ಯಾರು ಅನ್ನುವುದು ಎಲ್ಲರಿಗೂ ಕೂಡಲೇ ಗೊತ್ತಾಯಿತು. ಮರುದಿನ ಮೂವರು ಶಿಕ್ಷಕರು ಅವಳನ್ನು ಒಬ್ಬೊಬ್ಬರಾಗಿ ಕರೆದು ಸಮಾಧಾನ ಹೇಳಿದರು. ಪ್ರೀತಿಯಿಂದಲೇ. ಸಂಜೆ ಅವಳು ನನ್ನ ಕೋಣೆಗೆ ಬಂದಳು. ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. "ಎಲ್ಲರಿಗೂ ಯಾಕೆ ಹೇಳಿದಿರಿ? ಕ್ಲಾಸಲ್ಲಿದ್ದಾಗ ಮಾತ್ರ ನಾನು ಎಲ್ಲರ ಹಾಗೇ ಇರ್ತಿದ್ದೆ" ಅಂದಳು. ಕ್ಷಮೆ ಕೇಳಿದೆ. ಅದಕ್ಕಿಂತ ಜಾಸ್ತಿ ಏನು ಮಾಡೋಕಾಗುತ್ತಿತ್ತು?

ಅಲ್ಲಿಂದೀಚೆಗೆ ಕಷ್ಟದ ಕಾರಣವನ್ನು ಪುಟದಲ್ಲಿ ಬರೆಯುವುದೇ ಇಲ್ಲ. ಕಳಿಸುವ ಮುಂಚೆ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಈ ಹಾಳೆ ಕಾರಿಡಾರಿನಲ್ಲಿ ಬಿದ್ದು ಆ ಮಗುವಿನ ಕೈಗೇ ಸಿಕ್ಕರೆ? ಸ್ವಲ್ಪ ಅನುಮಾನ ಬಂದರೂ ಆ ಸಾಲು ತೆಗೆದುಬಿಡುತ್ತೇನೆ.

ಎರಡನೇ ಭಾಗ ಹಾಜರಿಯದು. ಮುಂಚೆ "ಈ ವಾರದ ಹಾಜರಿ ಶೇಕಡಾ 94" ಅಂತ ಬರೆದು ಸುಮ್ಮನಾಗುತ್ತಿದ್ದೆ. ಸರಾಸರಿ ನೋಡಿದರೆ ಚೆನ್ನಾಗೇ ಕಾಣುತ್ತದೆ. ಆದರೆ ಅದರೊಳಗೆ ಪದೇ ಪದೇ ತಪ್ಪಿಸಿಕೊಳ್ಳುವ ಮಕ್ಕಳು ಮುಚ್ಚಿಹೋಗುತ್ತಾರೆ. ಶಾಲೆಯ ದಿನಗಳಲ್ಲಿ ಶೇಕಡಾ 10ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಗೈರಾದರೆ ಅದನ್ನು ಅಪಾಯದ ಗೆರೆ ಅಂತ ಹಿಡಿಯುವುದು ವಾಡಿಕೆ. 180 ದಿನದ ವರ್ಷದಲ್ಲಿ ಅದು 18 ದಿನ. ತಿಂಗಳಿಗೆ ಎರಡು ದಿನ ಅಂದರೆ ಯಾರ ಕಣ್ಣಿಗೂ ಬೀಳಲ್ಲ. ಅದಕ್ಕೇ ಈಗ ಆ ಗೆರೆ ದಾಟಿದವರು ಎಷ್ಟು, ಗೆರೆಯ ಹತ್ತಿರ ಇರುವವರು ಎಷ್ಟು ಅಂತ ಬರೆಯುತ್ತೇನೆ. ಹೆಸರಿನ ಪಟ್ಟಿ ಆಯಾ ತರಗತಿಯ ಶಿಕ್ಷಕರ ಹತ್ತಿರ ಮಾತ್ರ ಇರುತ್ತದೆ. ಅಮೆರಿಕದ ಫಿಲಡೆಲ್ಫಿಯಾದ 6ನೇ ತರಗತಿಯ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಶಿಕ್ಷಣ ಸಂಶೋಧಕ ರಾಬರ್ಟ್ ಬಾಲ್ಫಾನ್ಜ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಶಾಲೆ ಬಿಡುವವರನ್ನು ಮೊದಲೇ ಗುರುತಿಸಲು ನೆರವಾದ ಸುಳಿವುಗಳು ಹಾಜರಿ, ನಡವಳಿಕೆ ಮತ್ತು ಗಣಿತ ಇಲ್ಲವೇ ಇಂಗ್ಲಿಷಿನಲ್ಲಿ ಫೇಲಾಗುವುದು. ಮೂರೂ ಶಿಕ್ಷಕರ ಕಣ್ಣೆದುರಿಗೇ ಇರುವಂಥವು. ನಮ್ಮ ಚೀಟಿಯಲ್ಲೂ ಈಗ ಈ ಮೂರಕ್ಕೇ ಜಾಗ ಇದೆ, ಜೊತೆಗೆ "ನಿಮಗೆ ಏನನ್ನಿಸಿತು" ಅಂತ ಒಂದು ಖಾಲಿ ಸಾಲು. ಆ ಖಾಲಿ ಸಾಲಿನಲ್ಲಿ ಬರುವುದೇ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬಂದಿದೆ.

ಕೊನೆಗೆ ವಾರಕ್ಕೆ ಒಂದೇ ಒಂದು ಕೋರಿಕೆ. ಗೈರಾಗಿದ್ದ ಮಗು ವಾಪಸ್ ಬಂದಾಗ ಎಲ್ಲರ ಮುಂದೆ "ಎಲ್ಲಿ ಹೋಗಿದ್ದೆ?" ಅಂತ ಕೇಳಬೇಡಿ, "ಬಂದೆಯಲ್ಲ, ಒಳ್ಳೇದಾಯ್ತು" ಅಂತ ಹೇಳಿ ತಪ್ಪಿದ ಪಾಠದ ನೋಟ್ಸ್ ಕೊಡಿ ಅಂತ ಒಂದು ವಾರ ಕೇಳಿದ್ದೆ. ಒಂದೇ ಆದ್ದರಿಂದ ಮಾಡುತ್ತಾರೆ. ಐದು ಕೇಳಿದಾಗ ಒಂದೂ ಆಗುತ್ತಿರಲಿಲ್ಲ.

ಕಳಿಸುವ ದಿನವನ್ನೂ ಗುರುವಾರ ಬೆಳಗ್ಗೆಗೆ ಬದಲಾಯಿಸಿದೆ. ವಾರದ ರಜೆಗೆ ಮುಂಚೆ ಕಷ್ಟದಲ್ಲಿರುವ ಮಗುವನ್ನು ಒಂದು ಸಲ ಮಾತಾಡಿಸಲು ಇನ್ನೂ ಒಂದು ದಿನ ಉಳಿದಿರುತ್ತದೆ.

ಈ ಪುಟ ಈಗ ಕಚೇರಿಗೆ, ಗೇಟಿನವರಿಗೆ, ಲೈಬ್ರರಿಗೂ ಹೋಗುತ್ತದೆ. ಮೊದಲು ಬರೀ ಶಿಕ್ಷಕರಿಗೆ ಕಳಿಸುತ್ತಿದ್ದೆ. ಲೈಬ್ರರಿಗೆ ಕಳಿಸಲು ಶುರು ಮಾಡಿದ ಎರಡನೇ ವಾರವೇ ಅಲ್ಲಿಂದ ಚೀಟಿ ಬಂತು: "ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬ ಹುಡುಗ ದಿನಾ ಬರುತ್ತಾನೆ. ಪುಸ್ತಕ ತೆರೆದಿಡುತ್ತಾನೆ. ಪುಟ ತಿರುಗಿಸುವುದಿಲ್ಲ." ಅವನ ಹಾಜರಿಯಾಗಲಿ ಅಂಕಗಳಾಗಲಿ ಏನನ್ನೂ ಹೇಳುತ್ತಿರಲಿಲ್ಲ. ಅದೇ ದಿನ ಕೌನ್ಸೆಲರ್ ಅವನ ಪಕ್ಕ ಹೋಗಿ ಕೂತರು. ಸಂಜೆ ನಾನು ಲೈಬ್ರರಿಗೆ ಹೋಗಿ, ಚೀಟಿ ನಮಗೆ ತಲುಪಿದೆ, ಅವನ ಜೊತೆ ಮಾತಾಡಿದ್ದೇವೆ ಅಂತ ಹೇಳಿದೆ. ಲೈಬ್ರರಿಯವರು ಮೇಜಿನ ಡ್ರಾಯರ್ ತೆಗೆದು ಇನ್ನೊಂದು ಚೀಟಿ ಕೊಟ್ಟರು. "ಇದನ್ನ ಬರೆದು ತುಂಬ ದಿನ ಆಯ್ತು. ಕೊಡಲೋ ಬೇಡವೋ ಅಂತ ಇಟ್ಕೊಂಡಿದ್ದೆ" ಅಂದರು.