ಮದುವೆ ಕರೆಯೋಲೆ ‘ಇನ್‌ಸ್ಟಾಲ್ ಮಾಡಿ’ ಎಂದರೆ ಅಲ್ಲೇ ನಿಲ್ಲಿ

ಕೊಡಗಿನಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಿಲ್ಲದೆ ದಿನ ಕಳೆಯುವುದು ಕಷ್ಟ. ಕಾಡಾನೆ ಯಾರ ತೋಟದಲ್ಲಿದೆ, ಮಳೆ ಜೋರಾಗಿರುವುದರಿಂದ ನಾಳೆ ಶಾಲೆಗೆ ರಜೆಯೇ, ಕಾಫಿ ಮತ್ತು ಕಾಳುಮೆಣಸಿನ ಧಾರಣೆ ಎಷ್ಟು ಎಂಬುದೆಲ್ಲ ಅಲ್ಲಿಗೇ ಬರುತ್ತದೆ. ಆದ್ದರಿಂದ ಗುಂಪುಗಳಿಂದ ಹೊರಬನ್ನಿ ಎಂದು ಹೇಳುವುದು ವ್ಯರ್ಥ. ಗುಂಪಿನಲ್ಲಿದ್ದುಕೊಂಡೇ ಕೆಟ್ಟ ಕಡತವನ್ನು ಗುರುತಿಸಲು ಕಲಿಯಬೇಕು.

ಮೊದಲು ಕಡತದ ಹೆಸರಿನ ಬಾಲ ನೋಡಿ

ಹೆಸರಿನ ಕೊನೆಗೆ, ಚುಕ್ಕೆಯ ನಂತರ ಏನಿದೆ? ಜೆಪಿಜಿ ಎಂದರೆ ಚಿತ್ರ, ಪಿಡಿಎಫ್ ಎಂದರೆ ಓದುವ ಹಾಳೆ. ಎಪಿಕೆ ಎಂದಿದ್ದರೆ ಅದು ಆಂಡ್ರಾಯ್ಡ್ ಫೋನಿನೊಳಗೆ ಹೊಸ ಆ್ಯಪ್ ಕೂರಿಸುವ ಕಡತ. ಮದುವೆ ಕರೆಯೋಲೆ, ಸಂಚಾರ ದಂಡದ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಎಂಬ ಹೆಸರುಗಳಲ್ಲಿ ವಂಚಕರು ದೇಶದ ಎಲ್ಲೆಡೆ ಇಂಥ ಕಡತಗಳನ್ನು ಹರಿಬಿಡುತ್ತಿದ್ದಾರೆ. ಕರೆಯೋಲೆಯನ್ನು ಓದಲು ಯಾವ ಆ್ಯಪನ್ನೂ ಹೊಸದಾಗಿ ಕೂರಿಸಬೇಕಾಗಿಲ್ಲ.

‘ಗೊತ್ತಿರುವವರೇ ಕಳುಹಿಸಿದ್ದಾರಲ್ಲ’ ಎಂಬ ನಂಬಿಕೆಯಲ್ಲೇ ಹೆಚ್ಚಿನವರು ಸಿಕ್ಕಿಬೀಳುತ್ತಾರೆ. ಈ ಆ್ಯಪ್ ಒಳಹೊಕ್ಕ ಮೇಲೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಅದು ಸಿಕ್ಕಿದರೆ ಬ್ಯಾಂಕಿನ ಒಟಿಪಿ ವಂಚಕನ ಕೈಗೆ ಹೋಗುತ್ತದೆ, ವಾಟ್ಸ್‌ಆ್ಯಪ್ ನೋಂದಣಿಯ ಸಂಕೇತವೂ ಹೋಗುತ್ತದೆ. ಆಮೇಲೆ ಫೋನಿನ ಒಡೆಯರ ಹೆಸರಿನಲ್ಲೇ ಕುಟುಂಬದ, ಸಂಘದ, ಹೋಮ್‌ಸ್ಟೇ ಮಾಲೀಕರ ಗುಂಪುಗಳಿಗೆ ಅದೇ ಕಡತ ಹೊರಡುತ್ತದೆ. ಸಂದೇಶಗಳು ಎನ್‌ಕ್ರಿಪ್ಟ್ ಆಗಿರುತ್ತವೆ ನಿಜ. ಅದರಿಂದ ನಡುದಾರಿಯಲ್ಲಿ ಬೇರೆಯವರು ಓದಲಾರರು, ಅಷ್ಟೇ. ಕಡತ ಒಳ್ಳೆಯದು ಎಂಬುದಕ್ಕೆ ಅದು ಖಾತರಿಯಲ್ಲ. ಅನುಮಾನ ಬಂದರೆ ಕಳುಹಿಸಿದವರಿಗೆ ಮಾಮೂಲಿ ಕರೆ ಮಾಡಿ ಕೇಳಿ. ಅದೇ ಚಾಟ್‌ನಲ್ಲಿ ಕೇಳಿದರೆ ಉತ್ತರಿಸುವವನು ವಂಚಕನೇ ಆಗಿರಬಹುದು.

ನಂತರ ಬಾಗಿಲು ಮುಚ್ಚಿ

ಫೋನಿನ ಸೆಟ್ಟಿಂಗ್ಸ್ ತೆರೆದು, ಹುಡುಕುವ ಜಾಗದಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ. ಅಲ್ಲಿ ಬರುವ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್, ಟೆಲಿಗ್ರಾಮ್, ಕ್ರೋಮ್ ಮೂರಕ್ಕೂ ಅನುಮತಿ ಇಲ್ಲವೆಂದು ಮಾಡಿ. ಒಂದೇ ಕೆಲಸ ಮಾಡುವಷ್ಟು ವ್ಯವಧಾನ ನಿಮಗಿದ್ದರೆ ಇದನ್ನೇ ಮಾಡಿ, ಮನೆಯ ಹಿರಿಯರ ಫೋನಿನಲ್ಲಿಯೂ ಮಾಡಿಕೊಡಿ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ಗಳನ್ನು ತಪಾಸಣೆ ಮಾಡುವ ಪ್ಲೇ ಪ್ರೊಟೆಕ್ಟ್ ಚಾಲೂ ಇದೆಯೇ ಎಂದೂ ನೋಡಿಕೊಳ್ಳಿ.

ವಾಟ್ಸ್‌ಆ್ಯಪ್‌ನೊಳಗೆ ಮಾಧ್ಯಮಗಳು ತಾವಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದೆ, ಸಿಗ್ನಲ್ ಮರಳಿದೊಡನೆ ರಾಶಿ ಕಡತಗಳು ಒಮ್ಮೆಲೇ ಇಳಿದಾಗ ಯಾವುದನ್ನು ಒತ್ತಿದೆವೆಂಬುದೇ ತಿಳಿಯುವುದಿಲ್ಲ. ಇಳಿದ ಮಾತ್ರಕ್ಕೆ ಎಪಿಕೆ ಕಡತ ಕೆಲಸ ಶುರು ಮಾಡದು, ಇನ್‌ಸ್ಟಾಲ್ ಒತ್ತದೆ ಅಳಿಸಿಬಿಡಿ. ವಾಟ್ಸ್‌ಆ್ಯಪ್ ಖಾತೆಗೆ ಎರಡು ಹಂತದ ಪರಿಶೀಲನೆಯ ಆರಂಕಿ ಪಿನ್ ಹಾಕಿ. ಒಟಿಪಿ ಕದ್ದವನಿಗೂ ಅದಿಲ್ಲದೆ ಖಾತೆ ಸುಲಭವಾಗಿ ದಕ್ಕದು.

ಐಫೋನ್ ಇದ್ದವರಿಗೆ ಎಪಿಕೆಯ ಭಯವಿಲ್ಲ. ಆದರೆ ಬ್ಯಾಂಕಿನಂತೆ ಕಾಣುವ ನಕಲಿ ಪುಟದ ಲಿಂಕ್ ಅವರಿಗೂ ಬರುತ್ತದೆ.

ಈಗಾಗಲೇ ಒತ್ತಿದ್ದರೆ

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆಫ್ ಮಾಡಿ. ಪಕ್ಕದ ಮನೆಯವರ ಫೋನ್ ಪಡೆದು ಮೊದಲು ನಿಮ್ಮ ಬ್ಯಾಂಕಿಗೆ ಹೇಳಿ ಖಾತೆಯ ವ್ಯವಹಾರ ತಡೆಯಿರಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ಸರಿಯುವ ಮೊದಲೇ ತಡೆಹಿಡಿಯುವ ಪ್ರಯತ್ನ ನಡೆಯಬೇಕಾದ್ದರಿಂದ ‘ಸಂಜೆ ಮಗ ಬಂದ ಮೇಲೆ ನೋಡೋಣ’ ಎಂದು ಕಾಯಬೇಡಿ, ನಾಚಿಕೆಯನ್ನೂ ಪಡಬೇಡಿ.

ಆಮೇಲೆ ಆ ಆ್ಯಪನ್ನು ತೆಗೆಯಿರಿ. ತೆಗೆಯಲು ಬಿಡದಿದ್ದರೆ, ಹೊರಗಿನಿಂದ ಕೂರಿಸಿದ ಆ್ಯಪ್‌ಗಳು ಚಾಲೂ ಆಗದ ಸೇಫ್ ಮೋಡ್‌ನಲ್ಲಿ ಫೋನ್ ಶುರು ಮಾಡಿ ತೆಗೆಯಬಹುದು. ಫೋಟೊಗಳನ್ನು ಬೇರೆಡೆ ಉಳಿಸಿಕೊಂಡು, ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ ಮಾಡುವುದು ಇನ್ನೂ ಭದ್ರ. ಕರೆಗಳು ಬೇರೆ ಸಂಖ್ಯೆಗೆ ತಿರುಗುವಂತೆ ಮಾಡಿರಬಹುದಾದ್ದರಿಂದ ##002# ಒತ್ತಿ ಅದನ್ನು ರದ್ದುಪಡಿಸಿ. ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ಪಟ್ಟಿಯಲ್ಲಿ ಗುರುತಿಲ್ಲದ ಸಾಧನ ಕಂಡರೆ ಲಾಗ್‌ಔಟ್ ಮಾಡಿ. ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸುವುದು ಫೋನ್ ಶುದ್ಧವಾದ ಮೇಲೆ, ಇಲ್ಲವೇ ಬೇರೆ ಸಾಧನದಿಂದ.

ಗುಂಪಿನ ಅಡ್ಮಿನ್‌ಗೆ ಕರೆ ಮಾಡಿ ನಿಮ್ಮ ಹೆಸರಿನಲ್ಲಿ ಬಂದ ಕಡತವನ್ನು ಎಲ್ಲರಿಗಾಗಿ ಅಳಿಸಲು ಹೇಳಿ. 1930ರಲ್ಲಿ ಕೊಡುವ ದೂರಿನ ಸಂಖ್ಯೆ, ಸಂದೇಶದ ಸ್ಕ್ರೀನ್‌ಶಾಟ್, ಬ್ಯಾಂಕ್ ವಿವರಗಳೊಂದಿಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಮಡಿಕೇರಿಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ ದೂರು ಕೊಡಿ.