ಸಾಕಾ, ಸಾಲದಾ: ಮೆಟ್ರೋದಲ್ಲಿ ಕಲಿತ ಡೇಟಾ ಸಫಿಷಿಯೆನ್ಸಿ

ಮದುವೆ ಊಟದಲ್ಲಿ ಹುಳಿ ಬಡಿಸುವವರು ಸೌಟು ಎತ್ತಿ ಹಿಡಿದು ‘ಸಾಕಾ?’ ಎಂದು ಕೇಳುತ್ತಾರೆ. ನಾವು ಎಲೆಯ ಮೇಲಿನ ಅನ್ನವನ್ನು ಒಮ್ಮೆ ನೋಡಿ ‘ಸಾಕು’ ಅಂತಲೋ ‘ಇನ್ನೊಂದು ಸೌಟು ಹಾಕಿ’ ಅಂತಲೋ ಹೇಳುತ್ತೇವೆ. ಕಲಸಿ ಉಂಡು ಮುಗಿಸಿ ಆಮೇಲೆ ಉತ್ತರ ಕೊಡುವವರು ಯಾರೂ ಇಲ್ಲ. ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಡೇಟಾ ಸಫಿಷಿಯೆನ್ಸಿ ಎಂಬ ಬಗೆಯ ಪ್ರಶ್ನೆಗಳು ಕೇಳುವುದೂ ಇಷ್ಟನ್ನೇ: ಕೊಟ್ಟಿರುವ ಮಾಹಿತಿ ಸಾಕಾ? ಇದು ನನ್ನ ತಲೆಗೆ ಹೋಗಲು ಮೂರು ತಿಂಗಳು ಹಿಡಿಯಿತು. ನಿಮಗೆ ಅಷ್ಟು ದಿನ ಬೇಕಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ತಿಪಟೂರಿನವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬೀಜಗಣಿತವೆಂದರೆ ಕೊನೆಯ ಸಾಲಿನವರೆಗೆ ಬಿಡಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆಯುವುದು. ಕೈಗೆ ಅದೇ ರೂಢಿ. ಈಗ ಮನೆ ಬೆಂಗಳೂರಿನ ವಿಜಯನಗರದಲ್ಲಿ, ಕೆಲಸ ಕಾಡುಗೋಡಿಯ ಹತ್ತಿರ. ಬನ್ನೇರುಘಟ್ಟ ರಸ್ತೆಯ ಐಐಎಂನ ಇಪಿಜಿಪಿ ಎಂಬ ಒಂದು ವರ್ಷದ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಅರ್ಜಿ ಹಾಕಬೇಕೆಂದು 2024ರಲ್ಲಿ ಓದಲು ಶುರು ಮಾಡಿದೆ. ಓದಿದ್ದೆಲ್ಲ ನೇರಳೆ ಮಾರ್ಗದ ಮೆಟ್ರೋದಲ್ಲೇ, ಹೋಗುವಾಗ ಸುಮಾರು ಒಂದು ಗಂಟೆ, ಬರುವಾಗ ಒಂದು ಗಂಟೆ. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗಿದ ಮೇಲೆ ಪುಸ್ತಕ ಬಿಚ್ಚಲು ಜಾಗ ಇರುತ್ತಿರಲಿಲ್ಲ. ಅಂಗೈಯಗಲದ ನೋಟ್‌ಬುಕ್ ಒಂದರಲ್ಲಿ ಹಿಂದಿನ ರಾತ್ರಿ ಹತ್ತು ಲೆಕ್ಕ ಬರೆದಿಟ್ಟುಕೊಳ್ಳುತ್ತಿದ್ದೆ. ಪರೀಕ್ಷೆಯಲ್ಲಿ ಇಂಗ್ಲಿಷ್ ಅಕ್ಷರಗಳೇ ಬರುತ್ತವೆ. ನನ್ನ ನೋಟ್‌ಬುಕ್ಕಿನಲ್ಲಿ ಚರಾಕ್ಷರಗಳು ಕ ಮತ್ತು ಮ, ಇಲ್ಲೂ ಹಾಗೇ ಬರೆಯುತ್ತೇನೆ.

ಪರೀಕ್ಷೆಯ ಸ್ವರೂಪ ಬೇಗ ಹೇಳಿಬಿಡುತ್ತೇನೆ. 2023ರ ನವೆಂಬರ್‌ನಲ್ಲಿ ಜಿಮ್ಯಾಟ್ ಹೊಸ ರೂಪಕ್ಕೆ ಬಂದಾಗ ಈ ಪ್ರಶ್ನೆಗಳು ಕ್ವಾಂಟ್ ಎಂಬ ಗಣಿತ ವಿಭಾಗ ಬಿಟ್ಟು ಡೇಟಾ ಇನ್‌ಸೈಟ್ಸ್ ವಿಭಾಗ ಸೇರಿದವು. ಅಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ, ಅಂದರೆ ಒಂದಕ್ಕೆ 2 ನಿಮಿಷ 15 ಸೆಕೆಂಡು. ಹಲಸೂರು ಬಿಟ್ಟ ರೈಲು ಇಂದಿರಾನಗರ ತಲುಪುವಷ್ಟರಲ್ಲಿ ಒಂದು ಲೆಕ್ಕ ತೀರ್ಮಾನವಾಗಬೇಕು ಎಂದು ನಾನು ಲೆಕ್ಕ ಇಟ್ಟುಕೊಂಡಿದ್ದೆ. ‘ಮುಂದಿನ ನಿಲ್ದಾಣ’ ಎಂಬ ಘೋಷಣೆಯೇ ನನ್ನ ಅಲಾರಂ.

ಪ್ರತಿ ಲೆಕ್ಕದಲ್ಲೂ ಒಂದು ಪ್ರಶ್ನೆ, ಅದರ ಕೆಳಗೆ ಎರಡು ಹೇಳಿಕೆ. ಆಯ್ಕೆಗಳು ಐದು, ಅವು ಯಾವಾಗಲೂ ಅವೇ. ಮೊದಲ ಹೇಳಿಕೆ ಒಂದೇ ಸಾಕು ಎಂದರೆ ಎ. ಎರಡನೆಯದೊಂದೇ ಸಾಕು ಎಂದರೆ ಬಿ. ಒಂಟಿಯಾಗಿ ಎರಡೂ ಸಾಲದು, ಸೇರಿಸಿದರೆ ಸಾಕು ಎಂದರೆ ಸಿ. ಯಾವುದೊಂದಾದರೂ ಸಾಕು ಎಂದರೆ ಡಿ. ಸೇರಿಸಿದರೂ ಸಾಲದು ಎಂದರೆ ಇ. ಇದನ್ನು ನೆನಪಿಡಲು ಕನ್ನಡವೇ ನನಗೆ ದಾರಿ ಮಾಡಿಕೊಟ್ಟಿತು: ಮೊದಲ ಹೇಳಿಕೆ ಸಾಕಾದರೆ ಉಳಿಯುವುದು ಎ ಮತ್ತು ಡಿ, ಅಂದರೆ ‘ಏಡಿ’. ಸಾಲದಿದ್ದರೆ ಉಳಿಯುವುದು ಬಿ, ಸಿ, ಇ, ಅಂದರೆ ‘ಬಿಸಿ’ ಮತ್ತು ಇ. ಪುಟದ ಮೂಲೆಯಲ್ಲಿ ಏಡಿ ಅಥವಾ ಬಿಸಿ ಎಂದು ಬರೆದ ಕ್ಷಣಕ್ಕೆ ಐದರಲ್ಲಿ ಎರಡೋ ಮೂರೋ ಆಯ್ಕೆ ಹೊರಗೆ ಹೋಗಿರುತ್ತವೆ.

ಹೇಳಿಕೆಗಳಿಗೆ ಕಣ್ಣು ಹಾಯಿಸುವ ಮೊದಲು ಪ್ರಶ್ನೆಯನ್ನೇ ಸವರಿ ಚಿಕ್ಕದು ಮಾಡಿ. ಬೀಜಗಣಿತದ ಲೆಕ್ಕಗಳಲ್ಲಿ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಉದಾಹರಣೆಗೆ:

(ಕ + ಮ)² − (ಕ − ಮ)² ಎಷ್ಟು?
(1) ಕಮ = 6
(2) ಕ + ಮ = 5

ಬಿಡಿಸಿದರೆ ಪ್ರಶ್ನೆ ಬರೀ 4ಕಮ. ಬೇಕಾಗಿರುವುದು ಕ ಅಲ್ಲ, ಮ ಅಲ್ಲ, ಅವುಗಳ ಗುಣಲಬ್ಧ ಮಾತ್ರ. ಮೊದಲ ಹೇಳಿಕೆ ಅದನ್ನು ಕೈಗೇ ಕೊಟ್ಟಿದೆ. ಎರಡನೆಯದು ಒಂಟಿಯಾಗಿ ಸಾಲದು: 2 ಮತ್ತು 3 ಆದರೆ ಗುಣಲಬ್ಧ 6, 1 ಮತ್ತು 4 ಆದರೆ 4. ಉತ್ತರ ಎ. ಪ್ರಶ್ನೆಯನ್ನು ಸವರದೆ ಹೋದವರು ಎರಡೂ ಹೇಳಿಕೆ ಕೂಡಿಸಿ ಕ, ಮ ಎರಡನ್ನೂ ಕಂಡುಹಿಡಿದು ಸಿ ಗುರುತು ಮಾಡಿ ಬರುತ್ತಾರೆ. ಮೊದಲ ತಿಂಗಳುಗಳಲ್ಲಿ ನಾನು ಕಳೆದುಕೊಂಡ ಅಂಕಗಳಲ್ಲಿ ಹೆಚ್ಚಿನವು ಇಂಥವೇ.

ಆಮೇಲೆ, ಎರಡನೇ ಹೇಳಿಕೆಯನ್ನು ಹೆಬ್ಬೆರಳಿನಿಂದ ಮುಚ್ಚಿ ಮೊದಲನೆಯದನ್ನು ನೋಡಿ. ಅದು ಮುಗಿದ ಮೇಲೆ ಮೊದಲನೆಯದನ್ನು ಮುಚ್ಚಿ ಎರಡನೆಯದನ್ನು ನೋಡಿ. ಮುಚ್ಚುವುದು ಬೆರಳಿಗೆ ಸುಲಭ, ಮನಸ್ಸಿಗೆ ಕಷ್ಟ. ಓದಿದ್ದು ಮನಸ್ಸಿನಲ್ಲಿ ಅಂಟಿಕೊಂಡಿರುತ್ತದೆ. ‘ಕ ಎಷ್ಟು?’ ಎಂದು ಕೇಳಿ, (1) ಕ² = 49, (2) ಕ³ = −343 ಎಂದು ಕೊಟ್ಟರೆ, ಎರಡನೆಯದರ ಋಣಚಿಹ್ನೆ ಮನಸ್ಸಿಗೆ ಅಂಟಿ ಮೊದಲನೆಯದಕ್ಕೂ −7 ಎಂದೇ ಅನ್ನಿಸಿಬಿಡುತ್ತದೆ. ಒಂಟಿಯಾಗಿ ನೋಡಿದರೆ ಮೊದಲನೆಯದಕ್ಕೆ 7 ಮತ್ತು −7 ಎರಡೂ ಸರಿ, ಹಾಗಾಗಿ ಸಾಲದು. ಎರಡನೆಯದಕ್ಕೆ −7 ಒಂದೇ. ಉತ್ತರ ಬಿ.

ಇದರ ಎದುರು ದಿಕ್ಕಿನ ತಪ್ಪೂ ಇದೆ. ವರ್ಗ ಸಮೀಕರಣ ಕಂಡ ತಕ್ಷಣ ‘ಎರಡು ಮೂಲ, ಸಾಲದು’ ಎಂದು ಮುಂದೆ ಹೋಗಬೇಡಿ. ಕ² − 6ಕ + 9 = 0 ಎಂದರೆ (ಕ − 3)² = 0, ಮೂಲ 3 ಒಂದೇ. ಶೋಧಕ (b² − 4ac) ಸೊನ್ನೆಯಾ ಎಂದು ನೋಡುವುದಕ್ಕೆ ಐದು ಸೆಕೆಂಡು ಸಾಕು.

‘ಎರಡು ಚರಾಕ್ಷರ, ಎರಡು ಸಮೀಕರಣ, ಹಾಗಾದರೆ ಸಾಕು’ ಎಂಬ ಹತ್ತನೇ ತರಗತಿಯ ನಂಬಿಕೆಯನ್ನೂ ಹಾಗೇ ಪರೀಕ್ಷೆಗೆ ಒಯ್ಯಬೇಡಿ. (1) 3ಕ + 3ಮ = 24, (2) ಕ = 8 − ಮ. ಇವು ಒಂದೇ ಸರಳರೇಖೆಯ ಎರಡು ವೇಷ. ಪ್ರಶ್ನೆ ‘ಕ + ಮ ಎಷ್ಟು?’ ಎಂದಿದ್ದರೆ ಯಾವುದೊಂದಾದರೂ ಸಾಕು, ಉತ್ತರ ಡಿ. ಪ್ರಶ್ನೆ ‘ಕ − ಮ ಎಷ್ಟು?’ ಎಂದಾದರೆ ಎರಡೂ ಸೇರಿದರೂ ಸಾಲದು, ಉತ್ತರ ಇ. ಒಂದು ಚಿಹ್ನೆ ಬದಲಾಗಿ ಉತ್ತರ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು.

ಇನ್ನು ನನಗೆ ಬಹಳ ಇಷ್ಟವಾದ ಬಗೆ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಇಬ್ಬರು ಸಹೋದ್ಯೋಗಿಗಳಿಗೆ ಇದನ್ನು ದರ್ಶಿನಿಯ ಬಿಲ್ಲಿನ ಮೂಲಕ ಹೇಳಿಕೊಡುತ್ತೇನೆ.

ಒಂದು ದರ್ಶಿನಿಯಲ್ಲಿ ಇಡ್ಲಿ ಪ್ಲೇಟಿಗೆ 30 ರೂಪಾಯಿ, ಮಸಾಲೆ ದೋಸೆಗೆ 55 ರೂಪಾಯಿ. ಗೆಳೆಯರ ಗುಂಪೊಂದು ಇವೆರಡನ್ನು ಮಾತ್ರ ತಗೊಂಡಿತು. ಎಷ್ಟು ಪ್ಲೇಟ್ ಇಡ್ಲಿ?
(1) ಒಟ್ಟು ಬಿಲ್ 285 ರೂಪಾಯಿ.
(2) ಇಡ್ಲಿ, ದೋಸೆ ಸೇರಿ 7 ಪ್ಲೇಟ್.

ಮೊದಲ ಹೇಳಿಕೆ: 30ಕ + 55ಮ = 285. ಚರಾಕ್ಷರ ಎರಡು, ಸಮೀಕರಣ ಒಂದು, ಸಾಲದು ಎನ್ನಿಸುತ್ತದೆ. ಆದರೆ ದರ್ಶಿನಿಯಲ್ಲಿ ಯಾರೂ ಒಂದೂಕಾಲು ದೋಸೆ ಕೊಡುವುದಿಲ್ಲ. ಕ, ಮ ಎರಡೂ ಪೂರ್ಣಾಂಕ, ಎರಡೂ ಋಣವಲ್ಲ. ಈ ಷರತ್ತನ್ನು ಹೇಳಿಕೆಯಲ್ಲಿ ಬರೆದಿರುವುದಿಲ್ಲ, ಕಥೆಯೊಳಗೇ ಅಡಗಿರುತ್ತದೆ. 5ರಿಂದ ಭಾಗಿಸಿದರೆ 6ಕ + 11ಮ = 57. ದೋಸೆ 0 ಇಟ್ಟರೆ ಉಳಿಯುವುದು 57, 1 ಇಟ್ಟರೆ 46, 2 ಇಟ್ಟರೆ 35, 3 ಇಟ್ಟರೆ 24, 4 ಇಟ್ಟರೆ 13, 5 ಇಟ್ಟರೆ 2. ಇವುಗಳಲ್ಲಿ 6ರಿಂದ ಭಾಗವಾಗುವುದು 24 ಒಂದೇ. ದೋಸೆ 3, ಇಡ್ಲಿ 4, ಬೇರೆ ದಾರಿ ಇಲ್ಲ. ಮೊದಲ ಹೇಳಿಕೆ ಒಂಟಿಯಾಗಿ ಸಾಕು. 7 ಪ್ಲೇಟ್ ಎನ್ನುವುದು ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಉತ್ತರ ಎ, ಆದರೆ ಕೈ ಹೋಗುವುದು ಸಿ ಕಡೆಗೆ.

‘ಹಾಗಾದರೆ ಪ್ಲೇಟ್, ಟಿಕೆಟ್, ಪೆನ್ಸಿಲ್ ಬಂದಲ್ಲೆಲ್ಲ ಒಂದೇ ಸಮೀಕರಣ ಸಾಕಾ?’ ಎಂದು ಅವರಲ್ಲೊಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ಬಿಲ್ಲನ್ನು 445 ಮಾಡಿ ನೋಡಿ. 6ಕ + 11ಮ = 89. ದೋಸೆ 1 ಆದರೆ ಇಡ್ಲಿ 13, ದೋಸೆ 7 ಆದರೆ ಇಡ್ಲಿ 2. ಎರಡು ದಾರಿ ತೆರೆದವು, ಈಗ ಒಂಟಿಯಾಗಿ ಸಾಲದು. ಒಟ್ಟು 9 ಪ್ಲೇಟ್ ಎಂದು ಎರಡನೇ ಹೇಳಿಕೆ ಇದ್ದರೆ ಇಡ್ಲಿ 2 ಎಂದು ನಿಕ್ಕಿಯಾಗುತ್ತದೆ, ಉತ್ತರ ನಿಜವಾಗಿಯೂ ಸಿ. ಅದೇ ದರ್ಶಿನಿ, ಅದೇ ದರ, ಬಿಲ್ ಮಾತ್ರ ಬೇರೆ. ಆದ್ದರಿಂದ ಇಲ್ಲಿ ಊಹೆ ನಡೆಯದು, ಸಂಖ್ಯೆಗಳನ್ನು ಇಟ್ಟು ನೋಡಲೇಬೇಕು. ಡೇಟಾ ಇನ್‌ಸೈಟ್ಸ್‌ನಲ್ಲಿ ಪರದೆಯ ಮೇಲೆ ಕ್ಯಾಲ್ಕ್ಯುಲೇಟರ್ ಇರುತ್ತದೆ. ಇಂಥ ಲೆಕ್ಕಕ್ಕೆ ನಾನು ಅದನ್ನು ತೆರೆಯುವುದಿಲ್ಲ, 11ರ ಮಗ್ಗಿ ಬಾಯಲ್ಲಿದ್ದರೆ ಅದೇ ಬೇಗ.

ಹೌದು–ಇಲ್ಲ ಪ್ರಶ್ನೆಗಳಿಗೆ ಬೇರೆ ಎಚ್ಚರ ಬೇಕು. ‘ಕ > 5 ಆಗಿದೆಯೇ?’ ಎಂದು ಕೇಳಿ 3ಕ + 4 = 13 ಎಂದು ಕೊಟ್ಟರೆ, ಕ = 3, ಉತ್ತರ ‘ಇಲ್ಲ’. ಖಚಿತವಾದ ‘ಇಲ್ಲ’ ಕೂಡ ಸಾಕು ಎಂದೇ ಲೆಕ್ಕ. ‘ಇಲ್ಲ’ ಬಂದದ್ದನ್ನು ‘ಸಾಲದು’ ಎಂದು ಓದಿಕೊಂಡು ನಾನು ವಾರಗಟ್ಟಲೆ ತಪ್ಪು ಗುರುತು ಮಾಡಿದ್ದೇನೆ. ಒಮ್ಮೆ ಹೌದು, ಒಮ್ಮೆ ಇಲ್ಲ ಎಂದು ಬಂದರೆ ಮಾತ್ರ ಸಾಲದು.

ಹಾಗಾಗಿ ಇಲ್ಲಿ ನಮ್ಮ ಕೆಲಸ ಹೇಳಿಕೆಯನ್ನು ಮುರಿಯಲು ನೋಡುವುದು. ‘ಕ > ಮ ಆಗಿದೆಯೇ?’ (1) ಕ² > ಮ², (2) ಮ > 0. ಕ = 3, ಮ = 2 ಇಟ್ಟರೆ ಎರಡೂ ಹೇಳಿಕೆ ನಿಜ, ಉತ್ತರ ಹೌದು. ಕ = −3, ಮ = 2 ಇಟ್ಟರೂ ಎರಡೂ ಹೇಳಿಕೆ ನಿಜ, ಉತ್ತರ ಇಲ್ಲ. ಮುರಿಯಿತು: ಇ. ಈಗ ಎರಡನೇ ಹೇಳಿಕೆಯಲ್ಲಿ ಒಂದೇ ಅಕ್ಷರ ಬದಲಿಸಿ ಕ > 0 ಮಾಡಿ. ಕ ಧನ, ಅದರ ವರ್ಗ ಮ ವರ್ಗಕ್ಕಿಂತ ದೊಡ್ಡದು. ಮ ಧನವಿರಲಿ ಋಣವಿರಲಿ ಕ ಅದನ್ನು ಮೀರಲೇಬೇಕು. ಉತ್ತರ ಸಿ. ಈ ಜೋಡಿಯನ್ನು ಕೈಯಾರೆ ಒಮ್ಮೆ ಬರೆದು ನೋಡಿ. ಅಸಮತೆಗಳಲ್ಲಿ ಋಣಸಂಖ್ಯೆ ಏನು ಮಾಡುತ್ತದೆ ಎಂಬುದು ಯಾವ ಸೂತ್ರಕ್ಕಿಂತ ಚೆನ್ನಾಗಿ ಕಾಣುತ್ತದೆ.

ಮುರಿಯಲು ನಾನು ಇಟ್ಟುಕೊಂಡಿರುವ ಸಂಖ್ಯೆಗಳು ಇವು: 0, 1, −1, 1/2, −1/2, 2, −2. ‘ಕ² > ಕ ಆಗಿದೆಯೇ?’ ಎಂಬುದಕ್ಕೆ ‘ಕ > 0’ ಎಂದು ಕೊಟ್ಟರೆ 2 ಹೌದು ಎನ್ನುತ್ತದೆ, 1/2 ಇಲ್ಲ ಎನ್ನುತ್ತದೆ. ‘ಕ < 0’ ಎಂದು ಕೊಟ್ಟರೆ ಯಾವುದನ್ನು ಇಟ್ಟರೂ ಹೌದೇ, ಏಕೆಂದರೆ ಎಡಗಡೆ ಧನ, ಬಲಗಡೆ ಋಣ. ಸೊನ್ನೆಯ ವಿಷಯ ಇನ್ನೂ ಸೂಕ್ಷ್ಮ. ಕಮ = 3ಕ ಎಂದು ಕಂಡಾಗ ಎರಡೂ ಕಡೆಯ ಕ ಹೊಡೆದುಹಾಕಿ ಮ = 3 ಎನ್ನಬೇಡಿ. ಕ ಸೊನ್ನೆಯಾಗಿದ್ದರೆ ಮ ಏನು ಬೇಕಾದರೂ ಆಗಬಹುದು. ಎಲ್ಲವನ್ನೂ ಒಂದೇ ಕಡೆ ತಂದು ಕ(ಮ − 3) = 0 ಎಂದು ಬರೆಯಿರಿ, ಆಗ ಎರಡು ದಾರಿಯೂ ಕಣ್ಣ ಮುಂದೆ ಇರುತ್ತವೆ.

ಇನ್ನೊಂದು ಸಣ್ಣ ಸಹಾಯ: ಜಿಮ್ಯಾಟ್‌ನಲ್ಲಿ ಎರಡೂ ಹೇಳಿಕೆಗಳು ನಿಜ, ಅವು ಪರಸ್ಪರ ಜಗಳವಾಡುವುದಿಲ್ಲ. ಮೊದಲನೆಯದರಿಂದ ಕ = 4, ಎರಡನೆಯದರಿಂದ ಕ = 6 ಎಂದು ನಿಮಗೆ ಬಂದರೆ ಎಲ್ಲೋ ಚಿಹ್ನೆ ತಪ್ಪಿದೆ, ಹಿಂದಕ್ಕೆ ಹೋಗಿ ಹುಡುಕಿ.

ಅಭ್ಯಾಸ ಮಾಡುವಾಗ ತಪ್ಪಾದ ಲೆಕ್ಕದ ಪಕ್ಕದಲ್ಲಿ ಸರಿ ಉತ್ತರ ಬರೆಯುವುದರಿಂದ ಪ್ರಯೋಜನ ಕಡಿಮೆ. ಯಾವ ಸಂಖ್ಯೆ ಇಟ್ಟಿದ್ದರೆ ಅದು ಮುರಿಯುತ್ತಿತ್ತು ಎಂಬುದನ್ನು ಬರೆಯಿರಿ. ನನ್ನ ನೋಟ್‌ಬುಕ್ಕಿನ ಆ ಅಂಚಿನಲ್ಲಿ ಅತಿ ಹೆಚ್ಚು ಸಲ ಇರುವುದು 0, ಆಮೇಲೆ −1. ಪರೀಕ್ಷೆಯಲ್ಲಿ ಒಂದು ಲೆಕ್ಕ ಎರಡೂವರೆ ನಿಮಿಷ ದಾಟಿತೆಂದರೆ ಏಡಿ–ಬಿಸಿಯಲ್ಲಿ ಉಳಿದವುಗಳಲ್ಲೊಂದನ್ನು ಆರಿಸಿ, ಬುಕ್‌ಮಾರ್ಕ್ ಮಾಡಿ ಮುಂದೆ ಹೋಗಿ. ವಿಭಾಗದ ಕೊನೆಯಲ್ಲಿ ಸಮಯ ಉಳಿದಿದ್ದರೆ ಮೂರು ಉತ್ತರಗಳವರೆಗೆ ಬದಲಿಸಲು ಅವಕಾಶವಿದೆ. ವಾಪಸ್ ಬಂದಾಗ ಮೊದಲು ಸೊನ್ನೆ ಇಟ್ಟು ನೋಡಿ.